ಬೋರ್ಡಿನ ಬಲಮೂಲೆಯ ಹೆಸರು

ನಾನು ಏಳನೇ ತರಗತಿಯನ್ನು ಪೂರ್ತಿ ಮುಗಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರಾದರೂ ದೊಡ್ಡ ಗುಟ್ಟು ಪತ್ತೆ ಮಾಡಿದವರ ಹಾಗೆ ನನ್ನ ಮುಖಕ್ಕೆ ಅದನ್ನೇ ಹಿಡಿಯುವುದು ನನಗೆ ಹಿಡಿಸುವುದಿಲ್ಲ. ಏಳನೆಯದನ್ನು ಅರ್ಧಕ್ಕೆ ಬಿಟ್ಟವನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ಮೂವತ್ತೆಂಟು ವರ್ಷ ಬೋರ್ಡು ಬರೆದೆ. ಕನ್ನಡದಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಬರೆದೆ, ಗಡಿಯ ಕಡೆ ತೆಲುಗಿನಲ್ಲೂ ಬರೆದೆ. ಈಗ ಅಂಗಡಿ ಮುಚ್ಚಿದ್ದೇನೆ. ಕೈ ನಡುಗುತ್ತದೆ ಅಂತಲ್ಲ, ಫ್ಲೆಕ್ಸ್ ಬಂತು ಅಂತ.

ಫ್ಲೆಕ್ಸ್ ಅಂಗಡಿ ಇಟ್ಟವರೂ ಇಡಬೇಕೆಂದಿರುವವರೂ ಆಗಾಗ ಮನೆಗೆ ಬರುತ್ತಾರೆ. "ಮುನಿಯಣ್ಣ, ಲೈನಲ್ಲಿರೋರು ನೀವು, ಏನಾದ್ರೂ ಹೇಳಿ" ಎನ್ನುತ್ತಾರೆ. ನಾನು ಅಳಿಲುಕೂದಲಿನ ಬ್ರಷ್ಷಿನ ಬಗ್ಗೆ ಹೇಳುತ್ತೇನೆಂದು ಕಾಯುತ್ತಾರೆ. ಬ್ರಷ್ಷು ಕಟ್ಟಿಕೊಂಡು ಅವರೇನು ಮಾಡಬೇಕು? ನಾನು ಹೇಳುವುದು ಎರಡೇ. ಒಂದು, ವಾಕ್ಯ ಕೇಳದೆ ಇಂಗ್ಲಿಷ್ ಪದ ಬರೆಯಬೇಡಿ. ಎರಡು, ಬೋರ್ಡಿನ ಕೆಳಗೆ ನಿಮ್ಮ ಹೆಸರು ಹಾಕಿ. ಎರಡನೆಯದನ್ನು ಕೇಳಿದ ತಕ್ಷಣ ನಗುತ್ತಾರೆ. ನಗಲಿ. ಯಾಕೆ ಹೇಳುತ್ತೇನೆಂಬುದನ್ನು ಇಲ್ಲಿ ಬರೆದಿಡುತ್ತೇನೆ.

ನನಗೆ ಕೆಲಸ ಕಲಿಸಿದವರು ಕೋಲಾರದ ಅಮೀರ್ ಸಾಬ್. ನಾವೆಲ್ಲ ಅವರನ್ನು ಉಸ್ತಾದ್ ಅನ್ನುತ್ತಿದ್ದೆವು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಗಿರಾಕಿ ಚೀಟಿಯಲ್ಲಿ ಬರೆದು ಕೊಟ್ಟದ್ದನ್ನು ಗಿಳಿಯನ್ನೋ ನವಿಲನ್ನೋ ನೋಡಿ ಬರೆಯುವ ಹಾಗೆ ನೋಡಿ ಬರೆಯುತ್ತಿದ್ದರು. ಆದರೆ ಅವರು ಎಳೆದ S ಅಕ್ಷರದಂಥ S ಅನ್ನು ಇವತ್ತಿನ ಯಾವ ಕಂಪ್ಯೂಟರಿನಲ್ಲೂ ನಾನು ಕಂಡಿಲ್ಲ.

ಉಸ್ತಾದರದ್ದು ಒಂದು ಪದ್ಧತಿ. ಬೋರ್ಡು ಮುಗಿದ ಮೇಲೆ ಹೆಸರು ಹಾಕುವಂತಿಲ್ಲ. ಬಣ್ಣ ಒಣಗಬೇಕು, ಗಿರಾಕಿ ಬಂದು ಮೇಲಿಂದ ಕೆಳಗೆ ಓದಬೇಕು, "ಸರಿ ಇದೆ" ಅನ್ನಬೇಕು. ಆಮೇಲೆ ಬಲಗಡೆ ಕೆಳಮೂಲೆಯಲ್ಲಿ ಹೆಬ್ಬೆರಳು ಮುಚ್ಚುವಷ್ಟು ಜಾಗದಲ್ಲಿ ಹೆಸರು.

"ಮೊದಲೇ ಹಾಕಿದ್ರೆ ಏನಾಗುತ್ತೆ ಉಸ್ತಾದ್?" ಎಂದು ಕೇಳಿದ್ದೆ.

"ಅರೇ ಮುನಿ, ಮೊದಲೇ ಹಾಕಿದ್ರೆ ಅದು ನಿನ್ನ ಹೆಸರು ಅಷ್ಟೇ. ಆಮೇಲೆ ಹಾಕಿದ್ರೆ ನಿನ್ನ ಜಬಾನು. ಈ ಬೋರ್ಡಿಗೆ ನಾನು ಜವಾಬ್ದಾರಿ ಅಂತ ಬಜಾರಿಗೆ ಕೊಟ್ಟ ಮಾತು."

ನನಗೆ ಆಗ ಅದು ದೊಡ್ಡ ಮಾತಾಗಿ ಕಾಣಲಿಲ್ಲ. ಹುತ್ತೂರಿನಲ್ಲಿ ಪೆಟ್ಟು ಬಿದ್ದ ಮೇಲೆ ಕಂಡಿತು.

ಸ್ವಂತ ಅಂಗಡಿ ಇಟ್ಟ ಎರಡನೇ ವರ್ಷ. ಹುತ್ತೂರಿನ ನಾರಾಯಣಪ್ಪ ರೇಷ್ಮೆ ನೂಲಿಗೆ ಬಣ್ಣ ಹಾಕುವ ಶೆಡ್ಡು ತೆರೆದಿದ್ದರು. ಹತ್ತಡಿ ಉದ್ದದ ತಗಡು, ಕೆಂಪು ನೆಲ, ಹಳದಿ ಅಕ್ಷರ, ಕಪ್ಪು ನೆರಳು. SILK DYING WORKS ಎಂದು ಬರೆದೆ. ನಾರಾಯಣಪ್ಪ ಓದಿದರು, ಸರಿ ಇದೆ ಅಂದರು, ನಾನು ಹೆಸರು ಹಾಕಿದೆ. ಹದಿನೈದು ದಿನದ ಮೇಲೆ ಬೆಂಗಳೂರಿನಿಂದ ನೂಲು ಕೊಳ್ಳಲು ಬಂದ ವ್ಯಾಪಾರಿಯೊಬ್ಬ ಬೋರ್ಡಿನ ಕೆಳಗೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಬಣ್ಣ ಹಾಕುವುದಕ್ಕೆ dyeing ಎಂದು ನಡುವೆ ಒಂದು e ಇರಬೇಕು. ನಾನು ಬರೆದದ್ದು ಸಾಯುವುದಕ್ಕೆ. ಕಿವಿಗೆ ಎರಡೂ ಒಂದೇ, ಕಣ್ಣಿಗೆ ಬೇರೆ, ಅರ್ಥಕ್ಕಂತೂ ಬಹಳ ಬೇರೆ.

ಸುದ್ದಿ ನನ್ನ ಕಿವಿಗೆ ಬಿದ್ದ ದಿನ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ನಾರಾಯಣಪ್ಪ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವ ಹೊತ್ತು ನೋಡಿಕೊಂಡು ಏಣಿ ಹಾಕಿದೆ. ಪದ ತಿದ್ದಲಿಕ್ಕಲ್ಲ. ಟರ್ಪೆಂಟೈನ್ ಬಟ್ಟೆ ಹಿಡಿದು ಮೂಲೆಯಲ್ಲಿದ್ದ ನನ್ನ ಹೆಸರನ್ನು ಮಾತ್ರ ಒರೆಸಲಿಕ್ಕೆ. ಅರ್ಧ ಒರೆಸಿದ್ದೆ, ಕೆಳಗಿನಿಂದ ದನಿ ಬಂತು.

"ಏಮಯ್ಯಾ ಮುನಿ, ಯಾರ ಹೆಸರು ಒರೆಸ್ತಾ ಇದ್ದೀಯಾ?"

ನಾರಾಯಣಪ್ಪ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ನಾನು ಬಟ್ಟೆಯನ್ನು ಬೆನ್ನ ಹಿಂದೆ ಸರಿಸಿದೆ.

"ತಪ್ಪಾಗಿದೆ ಅಂತ..."

"ತಪ್ಪು ಆಗಿರೋದು ಮೂಲೇಲಾ, ನಡುವೇಲಾ? ನಿನ್ನ ಹೆಸರು ಹೋದ್ರೆ ನನ್ನ ಬೋರ್ಡು ಸರಿಹೋಯ್ತದಾ? ನೀನು ಓಡ್ಹೋಗಬಹುದು, ನಾನು ಇದೇ ಬೋರ್ಡು ಕೆಳಗೆ ದಿನಾ ಕೂತ್ಕೋಬೇಕಲ್ಲಪ್ಪಾ."

ಬೈದಿದ್ದರೆ ಸಹಿಸುತ್ತಿದ್ದೆ. ಅವರು ಬೈಯಲಿಲ್ಲ. ಬೋರ್ಡು ಇಳಿಸಿ, ಉಜ್ಜಿ, ರೆಡ್ ಆಕ್ಸೈಡ್ ಹೊಡೆದು ಮೊದಲಿನಿಂದ ಬರೆದೆ. ಒಣಗಿದ ಮೇಲೆ ನಾರಾಯಣಪ್ಪನವರನ್ನು ಕರೆದೆ. ಅವರು ಬೋರ್ಡನ್ನೇ ಓದಲಿಲ್ಲ. "ನಿನ್ನ ಹೆಸರು ಹಾಕು ಮೊದಲು" ಅಂದರು. ಹೆಸರು ಹಾಕಿದ್ದನ್ನು ನೋಡಿದ ಮೇಲೆಯೇ ಒಳಗೆ ಹೋದರು.

ಅಂದಿನಿಂದ ಎಲ್ಲ ಗಿರಾಕಿಗಳಿಗೂ ನಾನೇ ಬಾಯಿಬಿಟ್ಟು ಹೇಳತೊಡಗಿದೆ: ಮೂಲೆಯಲ್ಲಿ ಮುನಿ ಅಂತ ಇದ್ದರೆ ಬೋರ್ಡಿಗೆ ನಾನು ಹೊಣೆ. ಇಲ್ಲದಿದ್ದರೆ ಆ ಬೋರ್ಡನ್ನು ನಾನು ಒಪ್ಪಿಲ್ಲ ಅಂತ ಅರ್ಥ. ಬರಬರುತ್ತಾ ಇದು ಎಷ್ಟು ಹಬ್ಬಿತೆಂದರೆ, ಹೊಸ ಅಂಗಡಿಯ ಮುಂದೆ ನಿಂತವರು ಮೊದಲು ಮೂಲೆ ನೋಡಿ ಆಮೇಲೆ ಅಂಗಡಿಯ ಹೆಸರು ಓದುತ್ತಿದ್ದರು. ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ, ತಪ್ಪು ತಿಳಿಯುವವರು ತಿಳಿಯಲಿ.

ಹೊಣೆ ಹೊತ್ತ ಮೇಲೆ ಕಲಿಯಬೇಕಲ್ಲ. ಆ ವರ್ಷವೇ ಮುಳಬಾಗಿಲಿನಲ್ಲಿ ಸಾವಿತ್ರಮ್ಮ ಎಂಬ ಇಂಗ್ಲಿಷ್ ಮೇಡಂ ಅವರ ಮನೆಯ ಹೆಸರಿನ ಫಲಕ ಬರೆಯಲು ಹೋಗಿದ್ದೆ. ಹಳೇ ಮನೆತನ, ತಂದೆ ಲೆಕ್ಕಪತ್ರದ ಕೆಲಸದಲ್ಲಿದ್ದವರು, ಮೇಡಂ ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಕಾಫಿ ಕೊಟ್ಟರು. ಧೈರ್ಯ ಮಾಡಿ ಹುತ್ತೂರಿನ ಕಥೆ ಹೇಳಿದೆ. ನಗುತ್ತಾರೇನೋ ಎಂದುಕೊಂಡಿದ್ದೆ, ನಗಲಿಲ್ಲ.

"ಇಂಥ ಜೋಡಿ ಪದಗಳು ಎಷ್ಟಿವೆ ಅಮ್ಮಾ? ಪಟ್ಟಿ ಕೊಡಿ, ಬಾಯಿಪಾಠ ಮಾಡ್ತೀನಿ."

"ಪಟ್ಟಿ ಬಾಯಿಪಾಠ ಮಾಡಿದ್ರೆ ನಾಳೆ ಅದಲುಬದಲಾಗುತ್ತೆ ಕಣಪ್ಪ. ನನ್ನ ಕ್ಲಾಸಿನ ಮಕ್ಕಳಿಗೂ ಹಾಗೇ ಆಗ್ತಿತ್ತು. ಒಂಟಿ ಪದ ಇಟ್ಕೋಬೇಡ. ಪದಕ್ಕೊಂದು ವಾಕ್ಯ ಇಟ್ಕೋ. ಪುಸ್ತಕದ ವಾಕ್ಯ ಅಲ್ಲ, ನೀನು ಕಣ್ಣಾರೆ ಕಂಡಿದ್ದು."

ಪ್ರತಿ ಮಂಗಳವಾರ ಬೆಳಿಗ್ಗೆ ಕೋಲಾರದಿಂದ ಬಸ್ಸು ಹತ್ತಿ ಹೋಗುತ್ತಿದ್ದೆ. ಒಂದೂವರೆ ವರ್ಷ ಹೋದೆ. ಗಟ್ಟಿ ರಟ್ಟಿನ ನೋಟುಪುಸ್ತಕದಲ್ಲಿ ವಾಕ್ಯ ಬರೆದುಕೊಂಡು ಹೋಗುವುದು, ಅವರು ಕೆಂಪು ಪೆನ್ನಿನಲ್ಲಿ ತಿದ್ದುವುದು. ಆ ಪುಸ್ತಕ ಇನ್ನೂ ಇದೆ. ಮೊದಲ ಪುಟದಲ್ಲಿ ಮಾಲೂರಿನ ಮೆಕ್ಯಾನಿಕ್ ಅಂಗಡಿಯ ವಾಕ್ಯವಿದೆ: If the brake fails, the lorry will break my wall. ಲಾರಿ ನಿಲ್ಲಿಸುವುದು brake, ಗೋಡೆ ಒಡೆಯುವುದು break. ನಮ್ಮ ಕಾಂಪೌಂಡಿಗೆ ನಿಜವಾಗಿಯೂ ಲಾರಿ ಗುದ್ದಿತ್ತು, ಹಾಗಾಗಿ ಮರೆಯಲಿಲ್ಲ. ಅದರ ಕೆಳಗೆ: I wait near the scale to see the weight of my tomatoes. ಮಂಡಿಯಲ್ಲಿ ತಕ್ಕಡಿಯ ಪಕ್ಕ ನಮ್ಮಪ್ಪ ಕಾದು ನಿಲ್ಲುತ್ತಿದ್ದುದನ್ನು ನೋಡಿ ಬೆಳೆದವನು ನಾನು. ಕಾಯುವುದು ಯಾವುದು, ತೂಕ ಯಾವುದು ಎಂದು ನನಗೆ ಈಗ ಕನವರಿಕೆಯಲ್ಲಿ ಕೇಳಿದರೂ ಹೇಳುತ್ತೇನೆ.

ಒಂದು ದಿನ their ಎಂದು ಬರೆಯುವಲ್ಲಿ there ಬರೆದುಕೊಂಡು ಹೋಗಿದ್ದೆ. ಮೇಡಂ ತಿದ್ದಲಿಲ್ಲ, ಕಿಟಕಿಯಾಚೆ ಕೈ ತೋರಿಸಿದರು.

"ಅಲ್ಲಿ ಹಸು ಕಟ್ಟಿದೆ ನೋಡು. ಅಲ್ಲಿ ಅನ್ನೋದು ಒಂದು. ಅದು ಯಾರದು?"

"ಪಕ್ಕದ ಮನೆಯವರದು."

"ಅವರದು ಅನ್ನೋದು ಇನ್ನೊಂದು. ಬರಿ ಈಗ."

Their cow is there. ಆ ಹಸು ಸತ್ತು ಎಷ್ಟು ವರ್ಷವಾಯಿತೋ, ನನ್ನ ಪುಸ್ತಕದಲ್ಲಿ ಇನ್ನೂ ಅಲ್ಲೇ ಕಟ್ಟಿಹಾಕಿಕೊಂಡಿದೆ.

ಅಲ್ಲಿಂದ ಗಿರಾಕಿಗಳಿಗೂ ಇದೇ ಪದ್ಧತಿ ಹಚ್ಚಿದೆ. ಚೀಟಿ ಕೊಟ್ಟರೆ ಸಾಲದು, ಆ ಪದ ಇಟ್ಟು ಒಂದು ವಾಕ್ಯ ಹೇಳಬೇಕು. ಕನ್ನಡದಲ್ಲಾದರೂ ಸರಿ, ತೆಲುಗಿನಲ್ಲಾದರೂ ಸರಿ. ಅರ್ಥ ಗೊತ್ತಾದರೆ ಯಾವ ಅಕ್ಷರ ಹಾಕಬೇಕೆಂಬುದು ನನ್ನ ಕೆಲಸ. ಕೆಲವರು ಸಿಡುಕಿದರು. ಶಿವಾರಪಟ್ಟಣದ ವೀರಾಚಾರಿಯವರಂತೂ ಉಳಿ ಹಿಡಿದುಕೊಂಡೇ ಎದ್ದು ಬಂದರು. ದೇವರ ವಿಗ್ರಹ ಕೆತ್ತುವ ಮನೆತನ. ಅವರ ಅಣ್ಣನ ಮಗ ಚೀಟಿಯಲ್ಲಿ STONE IDLES ಎಂದು ಬರೆದುಕೊಟ್ಟಿದ್ದ.

"ಒಂದು ವಾಕ್ಯ ಹೇಳಿ ಆಚಾರ್ರೇ."

"ಬೋರ್ಡು ಬರಿಯೋಕೆ ಕರೆಸಿದ್ದೋ, ನನಗೆ ಪರೀಕ್ಷೆ ಮಾಡೋಕೆ ಕರೆಸಿದ್ದೋ? ವಿಗ್ರಹ ಮಾಡ್ತೀವಿ. ಅಷ್ಟೇ ವಾಕ್ಯ."

"ಹಾಗಾದ್ರೆ idol. ಚೀಟೀಲಿರೋದು idle. ಕೆಲಸ ಇಲ್ದೆ ಸುಮ್ನೆ ಕೂತಿರೋದು ಅಂತ ಅರ್ಥ."

"ಸುಮ್ನೆ ಕೂತಿರೋದಾ!" ಅವರ ಹುಬ್ಬು, ಕಿವಿ, ಜನಿವಾರ ಎಲ್ಲ ಕಲ್ಲಿನ ಪುಡಿಯಿಂದ ಬೆಳ್ಳಗಾಗಿತ್ತು. "ಬೆಳಗಿನ ಜಾವದಿಂದ ಬಗ್ಗಿಸಿದ ಸೊಂಟ ಎತ್ತಿಲ್ಲ ನಾನು. ಲೇ, ಎಲ್ಲೋ ಅವನು, ಕರೀರೋ ಆ ಪಂಡಿತನ್ನ!"

ಪಂಡಿತ ಹಿತ್ತಿಲಿನಿಂದ ಓಡಿಹೋಗಿದ್ದ. ಬೋರ್ಡು ಮುಗಿದ ದಿನ ಆಚಾರ್ರು ನನ್ನ ಹೆಸರಿನ ಮೇಲೆ ಬೆರಳಾಡಿಸಿ, "ನಿನ್ನದು ಪುಣ್ಯದ ಕೆಲಸ ಮಾರಾಯ, ತಪ್ಪಿದ್ರೆ ಒರೆಸಬಹುದು. ನಮ್ಮದು ಮೂಗು ಹಾರಿತೋ, ಹಾರಿತು" ಅಂದರು. ನಾನು ಹುತ್ತೂರಿನ ಏಣಿಯನ್ನು ನೆನೆದುಕೊಂಡು ಬ್ರಷ್ಷು ಒರೆಸತೊಡಗಿದೆ.

ಮಾಲೂರಿನ ಕಡೆ ಹೊಲಗಳೆಲ್ಲ ಸೈಟುಗಳಾದ ಕಾಲದಲ್ಲಿ ಅರ್ಧಕ್ಕರ್ಧ ಚೀಟಿಗಳಲ್ಲಿ site ಇರಬೇಕಾದ ಕಡೆ sight ಇರುತ್ತಿತ್ತು. "ಜಾಗ ಮಾರ್ತೀರಾ, ಕಣ್ಣಿನ ನೋಟ ಮಾರ್ತೀರಾ?" ಎಂದು ಕೇಳಿದರೆ ಬಿಳಿ ಅಂಗಿಯ ದಲ್ಲಾಳಿಗಳಿಗೆ ಕೋಪ ಬರುತ್ತಿತ್ತು. ಕೋಪ ಮಾಡಿಕೊಂಡೇ ವಾಕ್ಯ ಹೇಳುತ್ತಿದ್ದರು. ಹೆಸರು ಬೇಕಿತ್ತಲ್ಲ ಅವರಿಗೆ, ಮೂಲೆಯಲ್ಲಿ.

ಆಮೇಲೆ ಕಂಪ್ಯೂಟರು ಬಂತು. ತಪ್ಪು ಬರೆದರೆ ಪದದ ಕೆಳಗೆ ಕೆಂಪು ಗೆರೆ ಬರುತ್ತದೆ ಎಂದು ಎಲ್ಲರೂ ಕುಣಿದರು. ಹುಡುಗರೇ, ಇದನ್ನು ಬರೆದಿಟ್ಟುಕೊಳ್ಳಿ. ಅಂಗಡಿಯ ಕಾಗದ, ಪೆನ್ನಿಗೆ stationery. ಕದಲದೆ ನಿಂತ ಬಸ್ಸಿಗೆ stationary. ಎರಡೂ ಇಂಗ್ಲಿಷಿನಲ್ಲಿ ಇರುವ ಪದಗಳೇ ಆದ್ದರಿಂದ ಯಾವುದನ್ನು ಎಲ್ಲಿ ಹಾಕಿದರೂ ಎಷ್ಟೋ ಸಲ ಕೆಂಪು ಗೆರೆ ಬರುವುದೇ ಇಲ್ಲ. ನಿಮ್ಮ ಗಿರಾಕಿ ಮಾರುವುದು ಪೆನ್ನೋ, ನಿಂತ ಬಸ್ಸೋ ಎಂದು ಮಷೀನಿಗೆ ಹೇಗೆ ಗೊತ್ತಾಗಬೇಕು? ನೀವು ಕೇಳಿದರೆ ನಿಮಗೆ ಗೊತ್ತಾಗುತ್ತದೆ.

ಈ ಕೆಂಪು ಗೆರೆಯಿಂದಲೇ ಶ್ರೀನಿವಾಸಪುರದಲ್ಲಿ ನನ್ನ ಬದುಕಿನ ದೊಡ್ಡ ಕೆಲಸ ಕೈತಪ್ಪಿತು. ಹೊಸ ಖಾಸಗಿ ಶಾಲೆ. ಗೇಟಿನಿಂದ ಹಿಡಿದು ಕೋಣೆ ಕೋಣೆಗೆ ಬೋರ್ಡು, ಗೋಡೆಗೆಲ್ಲ ಬರಹ, ಮೂರು ತಿಂಗಳ ಕೆಲಸ. ಶಾಲೆಯ ಕಾರ್ಯದರ್ಶಿ ಟೈಪ್ ಮಾಡಿಸಿದ ಪಟ್ಟಿ ಕೊಟ್ಟರು. ಎರಡನೇ ಸಾಲಿನಲ್ಲೇ PRINCIPLE'S ROOM.

"ಸಾರ್, ಇಲ್ಲಿ principal ಆಗಬೇಕು. ಕೋಣೇಲಿ ಕೂರೋರು ಅವರು. ಇದು ತಲೇಲಿ ಇಟ್ಕೊಳ್ಳೋ ನೀತಿ."

"ಕಂಪ್ಯೂಟರ್ ತಪ್ಪು ತೋರಿಸ್ತಿಲ್ಲ, ನೀನು ತೋರಿಸ್ತೀಯಾ? ಎಷ್ಟು ಓದಿದ್ದೀಯಪ್ಪಾ?"

"ಏಳು ಸಾರ್. ಏಳೂ ಪೂರ್ತಿ ಇಲ್ಲ."

ಸುತ್ತ ಇದ್ದವರು ನಕ್ಕರು. "ನಾನು ಡಬಲ್ ಡಿಗ್ರಿ" ಅಂದರು ಅವರು. "ಕೊಟ್ಟಿದ್ದು ಬರಿ."

"ಬರೀತೀನಿ ಸಾರ್. ನಿಮ್ಮ ಬೋರ್ಡು, ನಿಮ್ಮ ಇಷ್ಟ. ಆದ್ರೆ ಕೆಳಗೆ ನನ್ನ ಹೆಸರು ಇರಲ್ಲ."

ಅಲ್ಲಿಗೆ ಅವರ ನಗು ನಿಂತಿತು. ಅವರೂ ಅದೇ ಊರಿನವರು. ಮುನಿಯ ಹೆಸರಿಲ್ಲದ ಬೋರ್ಡು ಅಂದರೆ ಊರು ಏನನ್ನುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಹೆಸರಿಗೋಸ್ಕರಾನೇ ನಿನ್ನನ್ನ ಕೋಲಾರದಿಂದ ಕರೆಸಿದ್ದು. ಎಲ್ಲಾ ಬೋರ್ಡಿಗೂ ಹೆಸರು ಹಾಕಬೇಕು. ಬರೆದಿದ್ದು ಬರೆದಂಗೇ ಇರಬೇಕು."

"ಎರಡೂ ಆಗಲ್ಲ ಸಾರ್. ಅಕ್ಷರ ನಿಮ್ದು. ಹೆಸರು ನಂದು."

ಬ್ರಷ್ಷು, ಡಬ್ಬ, ಕೈ ಊರುವ ಕೋಲು ಕಟ್ಟಿಕೊಂಡು ಮೊಪೆಡ್ಡಿಗೆ ಏರಿಸಿದೆ. ಮನೆಯಲ್ಲಿ ನನ್ನ ಹೆಂಡತಿ ಲಕ್ಷ್ಮಮ್ಮ ಕೇಳಿದ್ದು ಒಂದೇ ಮಾತು: "ಅಷ್ಟು ಸಣ್ಣ ಹೆಸರಿಗೆ ಅಷ್ಟು ದೊಡ್ಡ ಕೆಲಸ ಬಿಟ್ಟು ಬಂದ್ರಾ?" ಹೌದು ಎಂದೆ. ಅವಳು ಮತ್ತೆ ಕೇಳಲಿಲ್ಲ. ಆ ವರ್ಷ ಹಬ್ಬಕ್ಕೆ ಅವಳಿಗೆ ಸೀರೆ ಬರಲಿಲ್ಲ, ಅದರ ಬಗ್ಗೆಯೂ ಕೇಳಲಿಲ್ಲ.

ಆಮೇಲೆ ಆ ಶಾಲೆಯನ್ನು ನೋಡಿ ಊರೆಲ್ಲ ನಕ್ಕಿತು ಎಂದು ಬರೆಯಲು ನನಗೂ ಆಸೆ. ಯಾರೂ ನಗಲಿಲ್ಲ. ಫ್ಲೆಕ್ಸಿನವರು ಎರಡೇ ದಿನದಲ್ಲಿ ಎಲ್ಲಾ ಬೋರ್ಡು ಹೊಡೆದುಕೊಟ್ಟರು. ಕೆಳಗೆ ಯಾರ ಹೆಸರೂ ಇರಲಿಲ್ಲ. ವರ್ಷಗಟ್ಟಲೆ ಅವು ಹಾಗೇ ಇದ್ದವು, ಮಕ್ಕಳು ಅವುಗಳ ಕೆಳಗೇ ಓಡಾಡಿ ದೊಡ್ಡವರಾದರು. ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ಉರಿಯುತ್ತಿತ್ತು. ಕೆಲಸ ಹೋಯಿತು ಅಂತಲ್ಲ. ಹೆಸರು ಉಳಿಸಿಕೊಂಡೆ ಸರಿ, ಆದರೆ ಆ ಮಕ್ಕಳಿಗೆ ಅದರಿಂದ ಏನು ಸಿಕ್ಕಿತು ಅಂತ.

ಅಂಗಡಿ ಮುಚ್ಚಿ ಮೂರು ವರ್ಷವಾದ ಮೇಲೆ, ಹೋದ ಬೇಸಿಗೆಗೆ ಮುಂಚೆ, ಗೌನಿಪಲ್ಲಿ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯಿಂದ ಶಶಿಕಲಾ ಟೀಚರ್ ಫೋನ್ ಮಾಡಿದರು. ಅವರ ಅಣ್ಣನ ಮಾವಿನ ಮಂಡಿಗೆ ನಾನು ಬೋರ್ಡು ಬರೆದಿದ್ದೆ.

"ಸಾರ್, ನಿಮ್ಮ ಹತ್ರ ವಾಕ್ಯದ ಪುಸ್ತಕ ಇದೆಯಂತೆ. ನಮ್ಮ ಕ್ಲಾಸಿನ ಗೋಡೆ ಮೇಲೆ ಬರೆದು ಕೊಡ್ತೀರಾ?"

ಇಷ್ಟು ವರ್ಷದಲ್ಲಿ ಯಾರೂ ಆ ಪುಸ್ತಕ ಕೇಳಿರಲಿಲ್ಲ. ಮಾರನೇ ದಿನವೇ ಹೋದೆ.

ಎಂಟು ದಿನ ಬರೆದೆ. ಹಳೆಯ ವಾಕ್ಯಗಳ ಜೊತೆ ಅಲ್ಲಿಯವೇ ಹೊಸವು ಸೇರಿಸಿದೆ. ಮಾವಿನ ತೋಪಿನಲ್ಲಿ ಕೂತು ಕೋಗಿಲೆ ಕೇಳುವುದಕ್ಕೆ: Sit here and hear the koel. ಬೆಲ್ಲದ ಚೂರಿಗೆ ಮತ್ತು ನೆಮ್ಮದಿಗೆ: Give him a piece of jaggery and he will leave us in peace. ಮಕ್ಕಳು ಬೆನ್ನ ಹಿಂದೆ ನಿಂತು ಕೂಗಿ ಓದುತ್ತಿದ್ದರು. ಎರಡಕ್ಕೆ two, ಅತಿಗೆ too, ಹೋಗುವ ಕಡೆಗೆ to, ಈ ಮೂರನ್ನೂ ಸೇರಿಸಿದ ವಾಕ್ಯ ಅವರದ್ದೇ: Two girls ate too many mangoes and went to bed. ಆ ಇಬ್ಬರು ಹುಡುಗಿಯರು ಯಾರೆಂದು ಇಡೀ ಕ್ಲಾಸಿಗೆ ಗೊತ್ತಿತ್ತು, ಅವರಿಗೆ ಮಾತ್ರ ಸಿಟ್ಟು. ಕೊನೆಯಲ್ಲಿ ಶ್ರೀನಿವಾಸಪುರದ ಬಾಕಿ ತೀರಿಸಿಕೊಂಡೆ: The principal is our teacher. Honesty is our principle. ಟೀಚರ್ ಮೇಲಿಂದ ಕೆಳಗೆ ಎರಡು ಸಲ ಓದಿ "ಸರಿ ಇದೆ ಸಾರ್" ಅಂದರು. ಬಲಮೂಲೆಯಲ್ಲಿ ಹೆಸರು ಹಾಕಿದೆ.

ಮಾರನೇ ದಿನ ಚೂರುಪಾರು ಬಣ್ಣ ಒತ್ತುತ್ತಿದ್ದಾಗ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಗೋಡೆ ನೋಡಿ ಸಂತೋಷಪಟ್ಟರು. ಆಮೇಲೆ ಅವರ ಕಣ್ಣು ಮೂಲೆಗೆ ಹೋಯಿತು.

"ಇದೇನಿದು?"

"ನನ್ನ ಹೆಸರು ಸಾರ್."

"ಸರ್ಕಾರಿ ಗೋಡೆ ಮೇಲೆ ಜಾಹೀರಾತು ಇರಬಾರದಲ್ಲ? ಅಳಿಸಿಬಿಡಿ. ಟೀಚರ್, ನೀವಾದ್ರೂ ಹೇಳಬಾರದಾ?"

ಟೀಚರ್ ಮುಖ ಸಣ್ಣಗಾಯಿತು. ನಾನು ತಪ್ಪು ಮಾಡಿ ಅವರನ್ನು ಸಿಕ್ಕಿಸಿದೆನೇ ಅನ್ನಿಸಿತು. ಗೋಡೆಯ ಬಣ್ಣದ ಡಬ್ಬ ಪಕ್ಕದಲ್ಲೇ ಇತ್ತು. ಬ್ರಷ್ಷು ಅದ್ದಿ ಕೈಯಲ್ಲಿ ಹಿಡಿದುಕೊಂಡೆ.

"ಅಂಗಡಿ ಮುಚ್ಚಿದ್ದೀನಿ ಸಾರ್, ಇನ್ನೆಲ್ಲಿ ಜಾಹೀರಾತು? ಫೋನ್ ನಂಬರೂ ಹಾಕಿಲ್ಲ. ಅಳಿಸು ಅಂದ್ರೆ ಅಳಿಸ್ತೀನಿ. ಆದ್ರೆ ನಮ್ಮ ಕಡೆ ಒಂದು ಪದ್ಧತಿ ಇದೆ. ನನ್ನ ಹೆಸರು ಇಲ್ದಿದ್ರೆ ಆ ಬರಹ ನಾನು ಒಪ್ಪಿಲ್ಲ, ಅದರಲ್ಲಿ ಎಲ್ಲೋ ತಪ್ಪಿದೆ ಅಂತ ಜನ ತಿಳ್ಕೋತಾರೆ."

"ಅದೆಲ್ಲ ಯಾರಿಗೆ ಗೊತ್ತಿರುತ್ತೆ ರೀ?"

ಬಾಗಿಲಲ್ಲಿ ಬಿಸಿಯೂಟದ ಅಡುಗೆಯ ವೆಂಕಟಮ್ಮ ನಿಂತಿದ್ದರು, ಕೈಯಲ್ಲಿ ಸೌಟು. "ಅವುನು ಸಾಮಿ, ಹೌದು" ಎಂದರು. "ನಮ್ಮ ನಾಯ್ನ, ಅಂದ್ರೆ ನಮ್ಮಪ್ಪ, ಮಂಡೀಲಿ ಮೂಟೆ ಹೊರ್ತಿದ್ರು, ಓದು ಬರ್ತಿರ್ಲಿಲ್ಲ. ಅವರೂ ಮೂಲೆ ನೋಡಿ, ಈ ಬೋರ್ಡಲ್ಲಿ ಮುನಿ ಇಲ್ಲ, ಏನೋ ತಪ್ಪದೆ ಅನ್ನೋರು."

ಅಧಿಕಾರಿ ಮತ್ತೆ ಮೂಲೆಯ ಕಡೆ ನೋಡಿದರು. ನಾನು ಗೋಡೆಯ ಹತ್ತಿರ ಹೋಗಿ ಹೆಸರಿನ ಮುಂದೆ ಬ್ರಷ್ಷು ಹಿಡಿದು ನಿಂತೆ. ಮೂವತ್ತು ಮಕ್ಕಳು ನೋಡುತ್ತಿದ್ದರು.

"ಸಾರ್, ಈಗ ಇದನ್ನ ಒರೆಸಿದ್ರೆ, ಈ ಗೋಡೇಲಿ ತಪ್ಪಿದೆ ಅಂತ ಈ ಮಕ್ಕಳಿಗೆ ನಾನೇ ಹೇಳಿದ ಹಾಗೆ. ಯಾವ ವಾಕ್ಯ ತಪ್ಪು ಅಂತ ನಾಳೆ ಅವರು ಕೇಳ್ತಾರೆ. ನೀವೇ ಒಂದು ಸಲ ಓದಿ, ಯಾವುದು ಅಂತ ತೋರಿಸಿಬಿಡಿ. ಆ ಕ್ಷಣ ಒರೆಸ್ತೀನಿ."

ಅವರು ಕನ್ನಡಕ ಹಾಕಿಕೊಂಡರು. ಹಟಕ್ಕೆ ಓದಲು ಶುರುಮಾಡಿದರೋ ಏನೋ, ಮೇಲಿನ ಸಾಲಿನಿಂದ ಒಂದೊಂದೇ ಓದುತ್ತಾ ಬಂದರು. ಲಾರಿ, ತಕ್ಕಡಿ, ಹಸು, ಕೋಗಿಲೆ. ಮಾವಿನಹಣ್ಣಿನ ಹುಡುಗಿಯರ ಹತ್ತಿರ ಸ್ವಲ್ಪ ನಕ್ಕರು. ಕೊನೆಯ ಸಾಲಿನ ಮುಂದೆ ಬಹಳ ಹೊತ್ತು ನಿಂತರು. ನನ್ನ ಬ್ರಷ್ಷಿನಿಂದ ಬಣ್ಣ ತೊಟ್ಟಿಕ್ಕಿ ಕಾಲಿನ ಮೇಲೆ ಬೀಳುತ್ತಿತ್ತು. ಹುತ್ತೂರಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಒರೆಸಲು ಹೋದವನು ನಾನೇ. ಈ ಸಲ ಎಲ್ಲರ ಮುಂದೆ ನಿಂತಿದ್ದೆ.

"ಫೋನ್ ನಂಬರ್ ಇಲ್ಲ ಅಂದ್ರಲ್ಲ?" ಎಂದರು.

"ಇಲ್ಲ ಸಾರ್."

"ಹೂಂ. ಟೀಚರ್, ಮಕ್ಕಳ ಹಾಜರಿ ತೋರಿಸಿ." ಹೊರಗೆ ಹೋದರು.

ಅವರ ಜೀಪು ಹೋದ ಮೇಲೆ ಶಶಿಕಲಾ ಟೀಚರ್ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಅವರು ತಪ್ಪು ತೋರಿಸಿದ್ದಿದ್ರೆ ನಿಜವಾಗ್ಲೂ ಒರೆಸಿಬಿಡ್ತಿದ್ರಾ ಸಾರ್?"

"ಒರೆಸ್ತಿದ್ದೆ ತಾಯಿ. ಆ ತಪ್ಪು ತಿದ್ತಿದ್ದೆ, ಒಣಗೋವರೆಗೂ ಕಾಯ್ತಿದ್ದೆ, ಆಮೇಲೆ ಹೆಸರು ಮತ್ತೆ ಬರೀತಿದ್ದೆ."

ನಲ್ಲಿಯ ಕೆಳಗೆ ಬ್ರಷ್ಷು ತೊಳೆದು, ನೀರು ಕೊಡವಿ, ಚೀಲಕ್ಕೆ ಹಾಕಿಕೊಂಡೆ. ಆ ಶಾಲೆ ಗೌನಿಪಲ್ಲಿಯಿಂದ ದೂರವೇನಿಲ್ಲ, ಆ ಕಡೆ ಹೋದರೆ ಒಳಗೆ ಹೋಗಿ ಗೋಡೆ ನೋಡಿ. ಮೊದಲು ಮೂಲೆ ನೋಡಿ.